ಬಿದ್ದ ಗೋಡೆಗೆ ಹಳೆಯ ಮುಖವಾಡ ಬೇಡ

ಮೈಸೂರಿನ ದೇವರಾಜ ಮಾರುಕಟ್ಟೆಯ ಉತ್ತರ ಭಾಗ, ಧನ್ವಂತರಿ ರಸ್ತೆಯ ಕಡೆಯದು, 2016ರ ಆಗಸ್ಟ್ 28ರಂದು ಕುಸಿದು ಬಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್ 25ರಂದು, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡಿದ್ದರು. ಹಳೆಯ ಪುಸ್ತಕಗಳಿಗಾಗಿ ಕಾಲೇಜಿನ ದಿನಗಳಲ್ಲಿ ನಾನು ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತ ಜಾಗ ಅದು. ಆವತ್ತಿನಿಂದ ಊರಿನಲ್ಲಿ ಎರಡು ಪಕ್ಷ. ಎರಡೂ ಕಟ್ಟಡಗಳನ್ನು ಪೂರ್ತಿ ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಒಂದು ಪಕ್ಷ. ಕೆಡವುವುದು ಬೇಡ, ದುರಸ್ತಿ ಮಾಡಿ ಇದ್ದ ಹಾಗೇ ಉಳಿಸಬೇಕೆಂಬುದು ಇನ್ನೊಂದು. ಎರಡಕ್ಕೂ ಬೆಂಬಲವಾಗಿ ತಜ್ಞರ ವರದಿಗಳಿವೆ.

ನಿಂತಿರುವ ಭಾಗದ ಮಟ್ಟಿಗೆ ನಾನು ಎರಡನೆಯ ಪಕ್ಷದವನು. ಒಂದು ಇಟ್ಟಿಗೆಯನ್ನೂ ವಿನಾಕಾರಣ ಕೀಳಬಾರದು. ಆದರೆ ಬಿದ್ದುಹೋದ ಭಾಗದ ಮಾತು ಬೇರೆ. ಅಲ್ಲಿ ನೂರಿಪ್ಪತ್ತು ವರ್ಷ ಹಳೆಯದೆಂದು ನಟಿಸುವ ಕಟ್ಟಡ ಬೇಡ. ಇವತ್ತಿನ ಸಾಮಗ್ರಿ, ಇವತ್ತಿನ ವಿನ್ಯಾಸದ, ಹಳೆಯದಕ್ಕೆ ತಲೆಬಾಗಿ ನಿಲ್ಲುವ ಹೊಸ ಕಟ್ಟಡ ಬರಲಿ ಎಂದು ಒಂದು ಸಭೆಯಲ್ಲಿ ಹೇಳಿದೆ. ಆಕ್ಷೇಪಗಳು ಮಳೆಯಂತೆ ಬಂದವು. ಆಕ್ಷೇಪಿಸಿದವರಲ್ಲಿ ಬಹುಪಾಲು ಜನ ಈ ಊರನ್ನು ನನ್ನಷ್ಟೇ ಪ್ರೀತಿಸುವವರು. ಅವರ ಮಾತನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲ ಆಕ್ಷೇಪ: ಅರಮನೆಯ ಸುತ್ತಲಿನ ಪ್ರದೇಶಕ್ಕೆ ಒಂದು ಏಕರೂಪವಿದೆ, ನಡುವೆ ಹೊಸ ನಮೂನೆಯ ಕಟ್ಟಡ ಬಂದರೆ ಅದು ಕೆಟ್ಟುಹೋಗುತ್ತದೆ.

ಈ ಏಕರೂಪ ಎಲ್ಲಿದೆ ಎಂದು ಹುಡುಕುತ್ತಾ ಒಂದು ಬೆಳಗ್ಗೆ ಆರು ಗಂಟೆಗೆ, ಬಸ್ಸುಗಳ ಭರಾಟೆ ಶುರುವಾಗುವ ಮೊದಲು, ಆ ದಾರಿಯನ್ನೆಲ್ಲ ನಡೆದುಬಂದೆ. ರಂಗಾಚಾರ್ಲು ಪುರಭವನ 1884ರದು, ಮುಂಭಾಗದಲ್ಲಿ ಪಾಶ್ಚಾತ್ಯ ಮಾದರಿಯ ಕಂಬಸಾಲು. ಮಾರುಕಟ್ಟೆಯ ಎದುರಿನ ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ ಭೇಟಿಯ ನೆನಪಿನದು. ಲ್ಯಾನ್ಸ್‌ಡೌನ್ ಕಟ್ಟಡ ಅವನ ನಂತರದ ವೈಸರಾಯ್ ಹೆಸರಿನದು. ದೊಡ್ಡ ಗಡಿಯಾರ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಬ್ರಿಟಿಷ್ ವೈಸರಾಯ್ ಹೆಸರಿನ ಗಡಿಯಾರಕ್ಕೂ ಕನ್ನಡ ಅಂಕಿಯ ಗಡಿಯಾರಕ್ಕೂ ನಡುವೆ ಅಂತರ ನಾಲ್ಕು ದಶಕ, ನಡೆದರೆ ಕೆಲವೇ ನಿಮಿಷ. ಈ ಕಟ್ಟಡಗಳಲ್ಲಿ ಯಾವುದೂ ಪಕ್ಕದ್ದನ್ನು ನಕಲು ಮಾಡಿಲ್ಲ. ಒಂದೊಂದೂ ತನ್ನ ಕಾಲಕ್ಕೆ ಹೊಸದಾಗಿಯೇ ಬಂದು ನಿಂತಿತು. ನಾವು ಏಕರೂಪ ಎಂದುಕೊಂಡಿರುವುದು ಒಂದೇ ಶೈಲಿಯನ್ನಲ್ಲ. ಎತ್ತರದಲ್ಲಿ ಒಂದನ್ನೊಂದು ಮೀರದಿರುವುದು, ರಸ್ತೆಯ ಅಂಚನ್ನು ಒಂದೇ ಗೆರೆಯಲ್ಲಿ ಹಿಡಿದಿರುವುದು, ನಡೆಯುವವನಿಗೆ ನೆರಳು ಬಿಟ್ಟಿರುವುದು, ಇವೇ ಆ ಒಗ್ಗಟ್ಟಿನ ಗುಟ್ಟು. ಹೊಸ ಕಟ್ಟಡ ಈ ಮೂರನ್ನು ಪಾಲಿಸಿದರೆ ಒಗ್ಗಟ್ಟು ಎಲ್ಲಿಗೂ ಹೋಗುವುದಿಲ್ಲ.

ಅರಮನೆಯ ಕಥೆಯನ್ನೇ ನೋಡಿ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿತು. ಆಗ ರಾಜ್ಯದ ಹೊಣೆ ಹೊತ್ತಿದ್ದವರು ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹಳೆಯದರ ಹಾಗೇ ಮರದ ಅರಮನೆಯೊಂದನ್ನು ಮತ್ತೆ ಕಟ್ಟಿಸಿ ಎಂದು ಅವರು ಹೇಳಬಹುದಿತ್ತು. ಮರವೂ ಇತ್ತು, ಬಡಗಿಗಳೂ ಇದ್ದರು. ಅವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದರು. 1912ರಲ್ಲಿ ಸುಮಾರು 41 ಲಕ್ಷ ರೂಪಾಯಿ ವೆಚ್ಚದಲ್ಲಿ ಮುಗಿದ ಆ ಅರಮನೆಯ ಕಲ್ಯಾಣ ಮಂಟಪದ ಎರಕಹೊಯ್ದ ಕಬ್ಬಿಣದ ಕಂಬಗಳು ಗ್ಲಾಸ್ಗೋದ ಕಾರ್ಖಾನೆಯಿಂದ ಬಂದವು. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಆ ಮಂಟಪ ಆ ಕಾಲದ ಕಬ್ಬಿಣ ಮತ್ತು ಗಾಜಿನ ಕಟ್ಟಡವೇ. ಹಳೆಯ ಅರಮನೆಯ ವಿನ್ಯಾಸದ ನೆನಪನ್ನು ಒಳಗೆ ಉಳಿಸಿಕೊಂಡರು, ಸಾಮಗ್ರಿಯಲ್ಲಿ ಮತ್ತು ಮೈಕಟ್ಟಿನಲ್ಲಿ ತಮ್ಮ ಕಾಲಕ್ಕೆ ನಿಷ್ಠರಾದರು. ಕೋಟೆಯೊಳಗಿನ ಹಳೆಯ ದೇವಸ್ಥಾನಗಳು ಅದರ ಸುತ್ತ ಹಾಗೇ ನಿಂತಿವೆ. ದಸರೆಗೆ ಬಂದವರು ಯಾರೂ ಇಲ್ಲಿ ಬೆರಕೆಯಾಗಿದೆ ಎಂದು ದೂರಿದ್ದನ್ನು ನಾನು ಕೇಳಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಪಟ್ಟದಕಲ್ಲಿಗೆ ಹೋಗಿ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ದ್ರಾವಿಡ ವಿಮಾನದ ಆಸುಪಾಸಿನಲ್ಲೇ ಗಳಗನಾಥದ, ಪಾಪನಾಥದ ನಾಗರ ಶಿಖರಗಳು. ಒಂದೇ ಹೊಳೆಯ ದಂಡೆ, ಒಂದೇ ರಾಜವಂಶದ ಕಾಲ. ಬೇರೆಬೇರೆ ಮೈಕಟ್ಟನ್ನು ಒಂದೇ ಅಂಗಳದಲ್ಲಿ ನಿಲ್ಲಿಸುವ ಧೈರ್ಯ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ.

ಎರಡನೆಯ ಆಕ್ಷೇಪವೇ ಎಲ್ಲಕ್ಕಿಂತ ಹೆಚ್ಚು ಜನ ಎತ್ತಿದ್ದು: ಅದೇ ಶೈಲಿಯಲ್ಲಿ, ಅದೇ ಕಮಾನು ಅದೇ ಬಣ್ಣದಲ್ಲಿ ಕಟ್ಟಿದರೆ ಆಯಿತಲ್ಲ, ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗದಿದ್ದರೆ ನಷ್ಟವೇನು?

ನಷ್ಟ ಬಹಳವಿದೆ. ಹಳೆಯ ಕಟ್ಟಡದ ಕಮಾನು ಅಲಂಕಾರಕ್ಕೆಂದು ಬಂದದ್ದಲ್ಲ. ಸುಟ್ಟ ಇಟ್ಟಿಗೆಯೂ ಸುಣ್ಣದ ಗಾರೆಯೂ ಒತ್ತಡವನ್ನು ಚೆನ್ನಾಗಿ ತಾಳುತ್ತವೆ, ಎಳೆತವನ್ನು ತಾಳುವುದಿಲ್ಲ. ಆದ್ದರಿಂದಲೇ ಬಾಗಿಲ ಮೇಲಿನ ಭಾರವನ್ನು ಕಮಾನಿನ ಒಂದೊಂದು ಇಟ್ಟಿಗೆ ಪಕ್ಕದ ಇಟ್ಟಿಗೆಗೆ ದಾಟಿಸುತ್ತಾ ಗೋಡೆಗೆ ಇಳಿಸಬೇಕಾಗಿತ್ತು. ಗೋಡೆ ದಪ್ಪಗಿದ್ದದ್ದೂ ಅದಕ್ಕೇ. ಕಮಾನು ಅಲ್ಲಿ ದುಡಿಯುತ್ತಿತ್ತು. ಇವತ್ತು ಕೆಡವಿ ಕಟ್ಟುವವರು ಹಾಕುವುದು ಕಾಂಕ್ರೀಟ್ ಕಂಬ, ಕಾಂಕ್ರೀಟ್ ತೊಲೆ. ಭಾರವನ್ನೆಲ್ಲ ಅವೇ ಹೊತ್ತ ಮೇಲೆ ಕಮಾನಿಗೆ ಕೆಲಸವೇ ಇಲ್ಲ. ಅಚ್ಚಿನಲ್ಲಿ ಎರೆದ ಒಂದು ಫಲಕವನ್ನು ಮುಂದೆ ಅಂಟಿಸಿ ಹಳದಿ ಬಣ್ಣ ಬಳಿಯುತ್ತಾರೆ. ನಾಲ್ಕು ಮಳೆಗಾಲ ಕಳೆದ ಮೇಲೆ ಅಂಚು ಬಿರುಕು ಬಿಟ್ಟು ಒಳಗಿನ ಬೂದು ಕಾಣುತ್ತದೆ.

ಸುಣ್ಣದ ಜಾಗಕ್ಕೆ ಸಿಮೆಂಟು ಬಂದರೆ ಏನಾಗುತ್ತದೆ ಎನ್ನುವುದನ್ನು ನಾನು ಅಗ್ರಹಾರದ ನಮ್ಮ ಮನೆಯಲ್ಲೇ ಕಂಡಿದ್ದೇನೆ. ನಡುಮನೆಯ ಗೋಡೆಯ ಗಾರೆ ಅಲ್ಲಲ್ಲಿ ಉದುರಿತ್ತು. ಅಪ್ಪ ಗಟ್ಟಿಮುಟ್ಟಾಗಿರಲಿ ಎಂದು ಸೊಂಟದೆತ್ತರದವರೆಗೆ ಸಿಮೆಂಟು ಬಳಿಸಿದರು. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಹೊರಕ್ಕೆ ಬಿಡುತ್ತಾ ಉಸಿರಾಡುತ್ತದೆ. ಸಿಮೆಂಟು ಆ ಉಸಿರನ್ನು ಕಟ್ಟಿತು. ತೇವ ಒಳಗೇ ನಿಂತು ಮೇಲಕ್ಕೇರಿತು. ಮೂರನೆಯ ವರ್ಷ ಸಿಮೆಂಟಿನ ಗೆರೆಗಿಂತ ಒಂದು ಮೊಳ ಮೇಲೆ, ಅಜ್ಜಿಯ ಫೋಟೋದ ಕೆಳಗೆ, ಬಿಳಿಯ ಉಪ್ಪು ಹೂವಿನಂತೆ ಅರಳಿತು. ಬೆರಳಿನಿಂದ ಗೀರಿದರೆ ಇಟ್ಟಿಗೆಯೇ ಕುಂಕುಮದ ಹಾಗೆ ಉದುರುತ್ತಿತ್ತು. ಸಿಮೆಂಟಿನ ಪದರವನ್ನು ಮಾತ್ರ ಹಪ್ಪಳದಂತೆ ಇಡಿಯಾಗಿ ಕಿತ್ತು ತೆಗೆದೆವು. ಹಳೆಯ ಗೋಡೆಗೆ ಹೊಸ ಕಾಂಕ್ರೀಟನ್ನು ಬೆಸೆದು ಎರಡೂ ಒಂದೇ ಎಂದು ತೋರಿಸಲು ಹೊರಟಾಗಲೆಲ್ಲ ನನಗೆ ಆ ಗೋಡೆ ನೆನಪಾಗುತ್ತದೆ. ಬಿದ್ದ ಭಾಗವನ್ನು ನಿಜವಾಗಿಯೂ ಸುಣ್ಣ, ಇಟ್ಟಿಗೆ, ಮರದ ತೊಲೆಯ ಮದ್ರಾಸ್ ತಾರಸಿಯಲ್ಲೇ ಕಟ್ಟುತ್ತೇವೆ, ಗಾರೆಯನ್ನು ವಾರಗಟ್ಟಲೆ ಕೊಳೆಸಿ ಅರೆಯುತ್ತೇವೆ ಎಂದು ಯಾರಾದರೂ ಮುಂದೆ ಬಂದರೆ ನನ್ನ ಆಕ್ಷೇಪ ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಅದೇ ಶೈಲಿ ಎನ್ನುವವರು ಹೇಳುತ್ತಿರುವುದು ಅದನ್ನಲ್ಲ.

ಬೆಂಗಳೂರಿನಲ್ಲಿ ಇದರ ಪರೀಕ್ಷೆ ಕಣ್ಣೆದುರಿಗೇ ನಡೆದಿದೆ. ಕೆಂಪು ಅಠಾರಾ ಕಚೇರಿ 1868ರದು. ಅದರ ಎದುರಿಗೆ 1956ರಲ್ಲಿ ವಿಧಾನಸೌಧ ಎದ್ದಿತು. ಕೆಂಗಲ್ ಹನುಮಂತಯ್ಯನವರೂ ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರೂ ಎದುರಿನ ಕೆಂಪು ಕಟ್ಟಡವನ್ನು ಅನುಕರಿಸಲಿಲ್ಲ, ಕಲ್ಲಿನಲ್ಲಿ ಬೇರೆಯದೇ ಮಾತಾಡಿದರು. ಅವೆರಡೂ ಒಂದನ್ನೊಂದು ನೋಡುತ್ತಾ ನಿಂತ ಬೀದಿ ಇಡೀ ಕರ್ನಾಟಕದ ಮುಖವಾಯಿತು. 2005ರಲ್ಲಿ ವಿಧಾನಸೌಧದ ಪಕ್ಕ ಅದರಂತೆಯೇ ಕಾಣುವ ವಿಕಾಸಸೌಧ ಬಂತು. ಒಳಗೆ ಕೆಲಸ ಚೆನ್ನಾಗಿಯೇ ನಡೆಯುತ್ತಿರಬಹುದು, ಅದರ ಮೇಲೆ ನನಗೆ ದೂರಿಲ್ಲ. ಆದರೆ ದೂರದ ಊರಿನಿಂದ ಬಂದವರು ಯಾವ ಕಟ್ಟಡದ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ ಎಂದು ನೋಡಿ. ನಕಲು ತಾನೂ ಬೆಳಗಲಿಲ್ಲ, ಮೂಲದ ಒಂಟಿ ನಿಲುವಿನ ಗಾಂಭೀರ್ಯವನ್ನೂ ಸ್ವಲ್ಪ ಹಂಚಿಕೊಂಡುಬಿಟ್ಟಿತು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಕಲು ಮೂಲಕ್ಕೆ ಸಮ ಎಂದು ಒಮ್ಮೆ ಒಪ್ಪಿಬಿಟ್ಟರೆ, ಮೂಲವನ್ನು ಉಳಿಸಲು ಕಾರಣವೇ ಉಳಿಯುವುದಿಲ್ಲ. ‘ಹೇಗೂ ಅದೇ ಥರ ಕಟ್ಟುತ್ತೇವಲ್ಲ’ ಎಂಬ ಒಂದೇ ಮಾತಿನಿಂದ ನಿಂತಿರುವ ಗಟ್ಟಿ ಗೋಡೆಯನ್ನೂ ಬೀಳಿಸಬಹುದು. ನನ್ನ ಜೊತೆ ಸಂರಕ್ಷಣೆಯ ಪಕ್ಷದಲ್ಲಿ ನಿಂತು ನಕಲನ್ನು ಮೆಚ್ಚುವ ಗೆಳೆಯರು ಇದನ್ನು ದಯವಿಟ್ಟು ಯೋಚಿಸಬೇಕು. ಕೆಡವುವವರ ಕೈಗೆ ಹಾರೆ ಕೊಟ್ಟಿರುವುದು ಈ ವಾದವೇ. ಪ್ರಪಂಚದ ಸಂರಕ್ಷಣಾ ತಜ್ಞರು 1964ರಲ್ಲಿ ವೆನಿಸ್‌ನಲ್ಲಿ ಕೂತು ಬರೆದ ಸನ್ನದಿನಲ್ಲೂ ಇದೇ ಎಚ್ಚರವಿದೆ: ಕಳೆದುಹೋದ ಭಾಗಕ್ಕೆ ಬದಲಾಗಿ ಬರುವುದು ಇಡೀ ಕಟ್ಟಡದೊಂದಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗುವಂತಿರಬೇಕು.

ಮೂರನೆಯ ಆಕ್ಷೇಪ ಅನುಭವದಿಂದ ಬಂದದ್ದು: ಹಳೆಯದರ ಪಕ್ಕ ಹೊಸದು ಕಟ್ಟಿದಾಗಲೆಲ್ಲ ನಮ್ಮಲ್ಲಿ ಆಗಿರುವುದು ಅನಾಹುತವೇ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ನೋಡಿ, ಹಂಪಿಯ ಸೇತುವೆ ನೋಡಿ.

ನೋಡಿದ್ದೇನೆ, ಮತ್ತು ಒಪ್ಪುತ್ತೇನೆ. 1921ರ ಕೆ.ಆರ್. ಮಾರ್ಕೆಟ್ಟಿನ ಹಿಂದೆ 1990ರ ದಶಕದಲ್ಲಿ ಎದ್ದ ಮಹಡಿ ಕಟ್ಟಡದ ಮುಂದೆ ಹಳೆಯ ಕಲ್ಲಿನ ಕಟ್ಟಡ ಬರೀ ಹೆಬ್ಬಾಗಿಲಿನಂತೆ ಕಾಣುತ್ತದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ತುಂಗಭದ್ರೆಗೆ ಅಡ್ಡಲಾಗಿ ಆನೆಗೊಂದಿಯ ಬಳಿ ಕಟ್ಟತೊಡಗಿದ ತೂಗುಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿದ್ದು, 2006ರಲ್ಲಷ್ಟೇ ಹೊರಬಂತು. ವಾಹನ ಸಂಚಾರದ ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಇವೆರಡೂ ತಪ್ಪುಗಳೇ. ಆದರೆ ಆ ತಪ್ಪು ಹೊಸತನದ್ದೇ? ಬೆಂಗಳೂರಿನಲ್ಲಿ ತಪ್ಪಿದ್ದು ಗಾತ್ರ. ಹಂಪಿಯಲ್ಲಿ ತಪ್ಪಿದ್ದು ಜಾಗ. ಬಂಡೆ, ಹೊಳೆ, ಮಂಟಪಗಳ ಆ ನೋಟದ ನಡುವೆ ಭಾರೀ ವಾಹನಗಳ ಸೇತುವೆಯನ್ನು ವಿಜಯನಗರದ ಕಂಬಗಳ ಶೈಲಿಯಲ್ಲೇ ಕಟ್ಟಿದ್ದರೂ ಅಷ್ಟೇ ತಪ್ಪಾಗುತ್ತಿತ್ತು.

ಸರಿಯಾಗಿ ಆದದ್ದೂ ನಮ್ಮಲ್ಲೇ ಇದೆ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಆ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಗಿ ತೆರೆಯಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿಯಂಥವರು ಬಂದಿಗಳಾಗಿದ್ದ ಜಾಗವದು. ಕಾವಲು ಗೋಪುರವನ್ನು, ಬ್ಯಾರಕ್ಕನ್ನು ಉಳಿಸಿಕೊಂಡು, ಸುತ್ತ ಹೊಸ ನಡೆದಾರಿ, ಹೊಸ ಗೋಡೆ, ಹೊಸ ಬಯಲು ಕೂಡಿಸಿದರು. ಹೊಸದು ಯಾವುದೂ ಜೈಲಿನ ವೇಷ ಹಾಕಿಲ್ಲ, ಹಾಗಾಗಿ ಜೈಲು ಯಾವುದಿತ್ತು ಎಂದು ಮಗುವಿಗೂ ಗೊತ್ತಾಗುತ್ತದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಹೋಗಿ ಬನ್ನಿ. ಮಹಲನ್ನು ದುರಸ್ತಿ ಮಾಡಿ ಹಾಗೇ ಇಟ್ಟು, ಹೆಚ್ಚಿನ ಜಾಗಕ್ಕೆ ಸರಳವಾದ ಹೊಸ ಕಟ್ಟಡ ಸೇರಿಸಿದ್ದಾರೆ. ಮರಗಳ ನೆರಳಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆಯುವಾಗ ಕಾಲ ಬದಲಾದದ್ದು ತಿಳಿಯುತ್ತದೆ, ಜಗಳ ಮಾತ್ರ ಎಲ್ಲೂ ಕಾಣುವುದಿಲ್ಲ.

ಪ್ಯಾರಿಸ್ಸಿನ ಲೂವ್ರ್ ಅಂಗಳದ ಗಾಜಿನ ಪಿರಮಿಡ್ಡನ್ನು ಮೈಸೂರಿಗೆ ತರಬೇಡಿ ಎಂದೂ ಕೆಲವರು ಹೇಳಿದರು. ಅವರ ಮಾತು ನೂರಕ್ಕೆ ನೂರು ಸರಿ. ಗಾಜಿನ ಚಾವಣಿಯ ಕೆಳಗೆ ನಮ್ಮ ಏಪ್ರಿಲ್‌ನಲ್ಲಿ ಮಲ್ಲಿಗೆ ಒಂದು ಗಂಟೆ ಬಾಳುವುದಿಲ್ಲ.

ಇಲ್ಲಿಂದಲೇ ನಾಲ್ಕನೆಯ ಆಕ್ಷೇಪಕ್ಕೆ ಬರುತ್ತೇನೆ: ಹೊಸ ವಾಸ್ತುಶಿಲ್ಪ ಓದಿದವರ ಶೋಕಿ, ಜನಸಾಮಾನ್ಯರಿಗೆ ಬೇಕಿರುವುದು ಹಳೆಯ ಚೆಂದ.

ದೇವರಾಜ ಮಾರುಕಟ್ಟೆಯಲ್ಲಿ ಏಳುನೂರಕ್ಕೂ ಹೆಚ್ಚು ಮಳಿಗೆಗಳು. ಅಲ್ಲಿ ದಿನಗಳೆಯುವ ಜನರನ್ನು ಕೇಳಿಯೇ ಈ ಮಾತಿಗೆ ಉತ್ತರಿಸಬೇಕು. ನಾನು ಮೂವತ್ತು ವರ್ಷದಿಂದ ಹೂ ಕೊಳ್ಳುವ ಒಬ್ಬಾಕೆಯಿದ್ದಾರೆ. ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಗೆ ಅಳೆದು, ಪ್ರತಿಸಲ ನಾಲ್ಕು ಬೆರಳು ಹೆಚ್ಚು ಬಿಟ್ಟು ಹಲ್ಲಿನಲ್ಲಿ ನೂಲು ಕಡಿಯುತ್ತಾರೆ. ಹೊಸ ಭಾಗ ಕಟ್ಟಿದರೆ ಹೇಗಿರಬೇಕಮ್ಮ ಎಂದು ಕೇಳಿದೆ. ಶೈಲಿಯ ಸುದ್ದಿಯನ್ನೇ ಎತ್ತಲಿಲ್ಲ. ‘ಮಳೆ ನೀರು ಕಾಲ ಕೆಳಗೆ ಬರಬಾರದು, ಹೆಂಗಸರಿಗೆ ಒಂದು ಕಕ್ಕಸು ಬೇಕು, ಮೇಲಿಂದ ಬೆಳಕು ಬಂದರೆ ಹೂವಿನ ಬಣ್ಣ ನಿಜವಾಗಿ ಕಾಣತ್ತೆ’ ಎಂದರು. ಪಕ್ಕದ ಬಾಳೆಕಾಯಿ ಮಂಡಿಯವರು ಬೆಂಕಿ ಬಿದ್ದರೆ ನೀರಿನ ಗಾಡಿ ಒಳಗೆ ಬರುವುದು ಹೇಗೆ ಎಂದು ಕೇಳಿದರು. ನೀರು, ಬೆಳಕು, ಬೆಂಕಿ, ಶೌಚ. ಈ ನಾಲ್ಕಕ್ಕೂ ಉತ್ತರ ಕೊಡುವುದು ಇವತ್ತಿನ ವಿನ್ಯಾಸದ ಕೆಲಸ. ಹಳೆಯ ಚೆಂದ ಉಳಿದ ಗೋಡೆಯಲ್ಲಿ ಇದ್ದೇ ಇರುತ್ತದೆ. ನಕಲು ಕಟ್ಟಡ ಬಂದರೆ ಹಣವೆಲ್ಲ ಮುಖಕ್ಕೆ ಸುರಿದು, ಚರಂಡಿಗೆ ಬರುವ ಹೊತ್ತಿಗೆ ಬೊಕ್ಕಸ ಬರಿದಾಗುತ್ತದೆ ಎಂಬುದು ನನ್ನ ನಿಜವಾದ ಭಯ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದನ್ನು ಎತ್ತಿದವರು ವೃತ್ತಿಯಲ್ಲಿ ಎಂಜಿನಿಯರ್, ನನ್ನ ಹಿರಿಯ ಮಿತ್ರರು. ‘ನೀನು ಹೇಳುವ ವಿನಯದ ಹೊಸ ಕಟ್ಟಡ ನಿನ್ನ ಕಲ್ಪನೆಯಲ್ಲಿದೆ. ಹೊಸತಕ್ಕೆ ಒಂದು ಸಲ ಬಾಗಿಲು ತೆರೆದರೆ ಒಳಗೆ ಬರುವುದು ಐದಂತಸ್ತಿನ ವಾಣಿಜ್ಯ ಸಂಕೀರ್ಣ, ಕೆಳಗೆ ಎರಡಂತಸ್ತಿನ ಪಾರ್ಕಿಂಗ್. ಅದೇ ಶೈಲಿ ಎಂಬ ಕಟ್ಟುಪಾಡು ಸುಳ್ಳೇ ಇರಬಹುದು, ಆದರೆ ಬೇಲಿಯಾಗಿ ಕೆಲಸ ಮಾಡುತ್ತದೆ.’

ಈ ಮಾತು ಕೇಳಿ ನಾನು ಆ ರಾತ್ರಿ ಬಹಳ ಹೊತ್ತು ಎಚ್ಚರವಾಗಿದ್ದೆ. ಅವರ ಭಯ ಕಾಲ್ಪನಿಕವಲ್ಲ. ಆದರೆ ಆ ಬೇಲಿ ಅವರು ಅಂದುಕೊಂಡಷ್ಟು ಭದ್ರವಲ್ಲ. ಐದಂತಸ್ತಿನ ಕಟ್ಟಡಕ್ಕೂ ಕಮಾನು ಅಂಟಿಸಬಹುದು, ನೆಲಮಾಳಿಗೆಯ ಪಾರ್ಕಿಂಗಿನ ಬಾಯಿಗೂ ಗುಮ್ಮಟ ಕೂರಿಸಬಹುದು. ಶೈಲಿಯ ಕಟ್ಟುಪಾಡು ಅತಿಯಾಸೆಯನ್ನು ತಡೆಯುವುದಿಲ್ಲ, ಅದಕ್ಕೆ ಪೋಷಾಕು ಒದಗಿಸುತ್ತದೆ. ಬೇಲಿ ಬೇಕು, ನಿಜ. ಅದನ್ನು ಅಳತೆಯಲ್ಲಿ ಹಾಕೋಣ. ಹೊಸ ಭಾಗ ಉಳಿದ ಗೋಡೆಯ ಮೇಲಂಚಿಗಿಂತ ಒಂದಡಿಯೂ ಎತ್ತರ ಹೋಗಕೂಡದು. ರಸ್ತೆಯ ಗೆರೆಯಿಂದ ಮುಂದೆ ಬರಕೂಡದು. ಹಳೆಯ ಗೋಡೆಗೂ ಹೊಸದಕ್ಕೂ ನಡುವೆ ಒಂದಾಳು ನಡೆಯುವಷ್ಟು ತೆರಪು ಇರಬೇಕು. ಹಳೆಯದರ ಮೇಲೆ ಹೊಸದರ ಒಂದು ಸೇರು ಭಾರವೂ ಬೀಳಬಾರದು, ಅಡಿಪಾಯ ಬೇರೆಯೇ ಇರಬೇಕು. ನೆಲಮಾಳಿಗೆಯಂತೂ ಖಂಡಿತ ಕೂಡದು, ಏಕೆಂದರೆ ಹಳೆಯ ಗೋಡೆಗಳ ಪಾಯದ ಪಕ್ಕ ಆಳಕ್ಕೆ ಅಗೆದರೆ ಮಣ್ಣು ಸರಿದು ನಿಂತದ್ದೂ ಬೀಳುತ್ತದೆ. ಮಳಿಗೆಗಳ ಸಂಖ್ಯೆ ಬಿದ್ದದ್ದೆಷ್ಟೋ ಅಷ್ಟೇ. ಬಾಡಿಗೆದಾರರು ಹಳಬರೇ. ವಿನ್ಯಾಸವನ್ನು ಬಹಿರಂಗ ಸ್ಪರ್ಧೆಯಿಂದ ಆರಿಸಿ, ಅದರ ನಿಜಗಾತ್ರದ ಬಿದಿರಿನ ಚೌಕಟ್ಟನ್ನು ಒಂದು ತಿಂಗಳು ಅದೇ ಜಾಗದಲ್ಲಿ ನಿಲ್ಲಿಸಿ, ಊರು ನೋಡಲಿ. ಇವೆಲ್ಲ ಟೇಪು ಹಿಡಿದು ಪರೀಕ್ಷಿಸಬಹುದಾದ ನಿಯಮಗಳು. ‘ಪಾರಂಪರಿಕ ಶೈಲಿ’ ಎಂಬ ಪದವನ್ನು ಯಾವ ಟೇಪಿನಿಂದ ಅಳೆಯುತ್ತೀರಿ?

ಹಿರಿಯ ಮಿತ್ರರು ಇದನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಇನ್ನೊಂದು ಪ್ರಶ್ನೆ ಹಾಕಿದರು. ಹಳೆಯದು ನೂರು ವರ್ಷಕ್ಕೂ ಮೇಲೆ ನಿಂತಿತು, ನಿನ್ನ ಹೊಸ ಕಟ್ಟಡ ಅಷ್ಟು ದಿನ ನಿಲ್ಲುತ್ತದೆಯೇ?

ನೋಡಿಕೊಂಡರೆ ನಿಲ್ಲುತ್ತದೆ, ನೋಡಿಕೊಳ್ಳದಿದ್ದರೆ ಯಾವುದೂ ನಿಲ್ಲುವುದಿಲ್ಲ ಎಂಬುದಕ್ಕೆ ಆ ಮಾರುಕಟ್ಟೆಯೇ ಸಾಕ್ಷಿ. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನೇ ಸೀಳುವವರೆಗೆ ಹೊರಗೆ ಕಾಣುವುದಿಲ್ಲ. ಹೊರಗೆ ತೆರೆದಿರುವ ಉಕ್ಕಿನ ಕಂಬದ ತುಕ್ಕು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ, ಕೆರೆದು ಬಣ್ಣ ಬಳಿಯಬಹುದು. ಅದಕ್ಕೇ ನಾನು ಕೇಳುತ್ತಿರುವುದು ಬೋಲ್ಟಿನಿಂದ ಜೋಡಿಸಿದ ಉಕ್ಕಿನ ಕಂಬ, ಬಿಸಿಗಾಳಿ ಹೊರಹೋಗಲು ಮಧ್ಯೆ ಎತ್ತರಿಸಿದ ಮಂಗಳೂರು ಹೆಂಚಿನ ಸೂರು, ಕೆಳಗೆ ನಮ್ಮ ಕಡೆಯದೇ ಕಲ್ಲುಚಪ್ಪಡಿ. ಒಂದು ಕಂಬ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಮೊಮ್ಮಕ್ಕಳ ಕಾಲಕ್ಕೆ ಇಡೀ ಚೌಕಟ್ಟೇ ಬೇಡವೆನಿಸಿದರೆ ಸ್ಪ್ಯಾನರ್ ಹಿಡಿದು ಬಿಚ್ಚಿ ಲಾರಿಗೆ ತುಂಬಲಿ. ತೆರಪಿನಾಚೆ ಹಳೆಯ ಇಟ್ಟಿಗೆಯ ಗೋಡೆ, ನಾವು ಬಿಟ್ಟುಹೋದ ಸ್ಥಿತಿಯಲ್ಲೇ, ಒಂದು ಮೊಳೆಯ ಗುರುತೂ ಇಲ್ಲದೆ ಅವರಿಗೆ ಸಿಗುತ್ತದೆ.